ಒಳಗೆ ಯಾರೂ ಇಲ್ಲ

“ಬೊಗಳೇ. ಯಾರಾದ್ರೂ ಬಂದು ಕೇಳಿದ್ರೆ ಏನಂತೀಯ?”

“ಒಳಗೆ ಯಾರೂ ಇಲ್ಲ ಸಾರ್. ಮಿಷನ್ ಕೆಲಸ.”

“ಜೋರಾಗಿ ಹೇಳೇ ಮುಂಡೇದೆ. ಬಾಯಲ್ಲಿ ಹೇಲು ತುಂಬ್ಕೊಂಡಿದೀಯೇನು?”

ಹಗ್ಗದಕ್ಕ ಜೋರಾಗಿ ಹೇಳಿದಳು. ಮೇಸ್ತ್ರಿ ಬೆಳ್ಳಂಬೆಳಗ್ಗೆ ಬೈಕಿನ ಮೇಲೆ ಕೂತೇ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಚರಂಡಿ ಗುಂಡಿಯ ವಾಸನೆ ಬಡಿಯದಷ್ಟು ದೂರದಲ್ಲಿ ಬೈಕು ನಿಲ್ಲಿಸಿ ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದ. ಅವನೆದುರು ಮೂವರು ಸಾಲಾಗಿ ನಿಂತಿದ್ದರು. ಹಗ್ಗ ಹಿಡಿಯುವ ಅವಳು, ಹೂಳಿನ ಬಕೆಟ್ಟು ಎಳೆಯುವ ಮುದುಕ ಕೆಮ್ಮಣ್ಣ, ಗುಂಡಿಗೆ ಇಳಿಯುವ ಅವಳ ತಮ್ಮ. ಉಸಿರು ಕಟ್ಟಿ ಕೊಳಚೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮುಳುಗಿರಬಲ್ಲ ಎಂದು ತಮ್ಮನಿಗೆ ಮೀನ ಎಂಬ ಹೆಸರು ಬಿದ್ದಿತ್ತು. ಅಮ್ಮ ಇಟ್ಟ ಹೆಸರು ಈಗ ಅವಳೊಬ್ಬಳಿಗೇ ನೆನಪು. ಅವಳೂ ಅದನ್ನು ಹಿಡಿದು ಕರೆಯುತ್ತಿರಲಿಲ್ಲ.

ಮೇಸ್ತ್ರಿ ಮುದುಕನ ಕಡೆ ಬೆರಳು ಮಾಡಿದ. ಕೆಮ್ಮಣ್ಣ “ಒಳಗೆ ಯಾರೂ ಇಲ್ಲ ಸಾರ್, ಮಿಷ...” ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂತು.

“ಮಿಷನ್ ಸ್ಟಾರ್ಟ್ ಆಗ್ತಿಲ್ಲ ಸಾರ್,” ಎಂದ ಮೀನ.

ಮೇಸ್ತ್ರಿ ಬೈಕಿನಿಂದ ಇಳಿದು ಬಂದು ಅವನ ಕೆನ್ನೆಗೆ ಬಾರಿಸಿದ. ಆಮೇಲೆ ಬಾರಿಸಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಿದ್ದೆಯಲ್ಲಿ ಒದ್ದು ಎಬ್ಬಿಸಿ ಕೇಳಿದರೂ ಇದೇ ಮಾತು ಬರಬೇಕು, ಬೇರೆ ಒಂದಕ್ಷರ ಬಂದರೆ ನಾಳೆಯಿಂದ ಕೆಲಸವಿಲ್ಲ ಎಂದು ಹೇಳಿ ಮತ್ತೆ ಬೈಕು ಹತ್ತಿದ.

ಮಿಷನ್ ಎಂದರೆ ರಸ್ತೆ ಬದಿಗೆ ನಿಂತಿದ್ದ ಹಸಿರು ಬಣ್ಣದ ಲಾರಿ. ಬೆನ್ನ ಮೇಲೆ ದೊಡ್ಡ ಟ್ಯಾಂಕು, ಪಕ್ಕಕ್ಕೆ ಆನೆಯ ಸೊಂಡಿಲಿನಂಥ ಪೈಪು. ಅದರ ಮೋಟಾರು ಸುಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ಎಲ್ಲಿ ಗುಂಡಿ ತೆಗೆದರೂ ಅದನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು, ಪೈಪಿನ ತುದಿಯನ್ನು ಗುಂಡಿಯ ಬಾಯಿಗೆ ಇಳಿಬಿಡುತ್ತಿದ್ದರು. ಬೇರೆ ಬಡಾವಣೆಯ ಗುಂಡಿಯೊಂದರಲ್ಲಿ ಇಬ್ಬರು ಸತ್ತು, ಇನ್ನು ಮುಂದೆ ಚರಂಡಿಗೆ ಮನುಷ್ಯರನ್ನು ಇಳಿಸುವುದೇ ಇಲ್ಲ ಎಂದು ಮಂತ್ರಿಯೊಬ್ಬರು ಮೈಕಿನ ಮುಂದೆ ಹೇಳಿದ ಮೇಲೆ ಈ ಏರ್ಪಾಡು ಆಗಿತ್ತು. ಈಗ ಕಟ್ಟಿಕೊಂಡಿದ್ದದ್ದು ಅದೇ ಮಂತ್ರಿಯ ಬಂಗಲೆಯ ಹಿಂದಿನ ರಸ್ತೆಯ ಚರಂಡಿ.

ಹಗ್ಗದಕ್ಕನಿಗೆ ಆ ಪಾಠ ಹೊಸದೇನಲ್ಲ. ಅವಳ ಗಂಡ ಹೆಣವಾಗಿ ಮೇಲೆ ಬಂದ ದಿನ ಪೊಲೀಸರ ಎದುರಿಗೂ, ಗುಂಡಿಗೆ ಯಾರೂ ಇಳಿದಿರಲಿಲ್ಲ, ಕುಡಿದು ಜಾರಿ ಬಿದ್ದ ಎಂದೇ ಹೇಳಿದ್ದಳು. ಮೇಸ್ತ್ರಿ ಆಗಲೂ ಪಕ್ಕದಲ್ಲೇ ನಿಂತಿದ್ದ, ಮೂಗಿಗೆ ಕರ್ಚೀಫು ಒತ್ತಿಕೊಂಡು.

ಮೀನ ಬಟ್ಟೆ ಬಿಚ್ಚಿ ಚಡ್ಡಿಯಲ್ಲಿ ನಿಂತ. ಬಾಟಲಿಯ ತಳದಲ್ಲಿದ್ದ ಸಾರಾಯಿಯನ್ನು ಒಂದೇ ಗುಟುಕಿಗೆ ಇಳಿಸಿ ಮುಖ ಕಿವುಚಿದ. ಚಪ್ಪಲಿಗಳನ್ನು ಗುಂಡಿಯ ಅಂಚಿಗೆ ಜೋಡಿಸಿಟ್ಟ. ಒಳಗೆ ಇಳಿದವನ ಚಪ್ಪಲಿ ಗುಂಡಿಯ ಬಾಯಲ್ಲಿರುವ ತನಕ ಮುಚ್ಚಳ ಮುಟ್ಟಬಾರದು, ಅದು ಅವರವರಲ್ಲಿ ಇದ್ದ ಕಟ್ಟು. ಹಗ್ಗದಕ್ಕ ಅವನ ಸೊಂಟಕ್ಕೆ ಹಗ್ಗ ಬಿಗಿದು ಗಂಟನ್ನು ಎರಡು ಸಲ ಜಗ್ಗಿ ನೋಡಿದಳು.

“ಬಿಗಿ ಆಯ್ತು ಕಣಕ್ಕ. ಸೀಮಂತಕ್ಕೆ ಕೂರಿಸ್ತಿದೀಯ ನನ್ನ?”

“ಮುಚ್ಕೊಂಡು ಇಳಿಯೋ.”

“ಮಂತ್ರಿ ಏನೇನು ತಿಂದಿದಾನೆ ಅಂತ ನೋಡ್ಕೊಂಡು ಬಂದು ಹೇಳ್ತೀನಿ ತಡಿ,” ಎಂದು ಮೀನ ಕಬ್ಬಿಣದ ಮೆಟ್ಟಿಲು ಹಿಡಿದು ಕತ್ತಲೆಗೆ ಇಳಿದ.

ಒಳಗಿದ್ದವನ ಮಾತು ಮೇಲಿನವರಿಗೆ ಕೇಳಿಸುವುದಿಲ್ಲ. ಅದಕ್ಕೆ ಮೆಟ್ಟಿಲಿನ ಮೇಲೆ ಸರಳಿನಿಂದ ಬಡಿಯುವುದು. ಒಂದು ಬಡಿದರೆ ಬಕೆಟ್ಟು ಎಳಿ. ಎರಡು ಬಡಿದರೆ ಹಗ್ಗ ಬಿಡು. ಮೂರು ಬಡಿದರೆ ನನ್ನನ್ನು ಮೇಲೆತ್ತು. ಇಲ್ಲಿಯ ಚರಂಡಿ ಹಳೇ ಕಾಲದ ಇಟ್ಟಿಗೆಯ ಸುರಂಗ, ಬಗ್ಗಿ ನಡೆಯುವಷ್ಟು ಎತ್ತರ. ಕೆಳಗಿಳಿದು ತಿರುವಿನಾಚೆ ಹೋಗಬೇಕಾದರೆ ಹಗ್ಗ ಇಟ್ಟಿಗೆಗೆ ಸಿಕ್ಕಿಕೊಳ್ಳುತ್ತದೆಂದು ಬಿಚ್ಚಿಟ್ಟು ಹೋಗುವುದು ರೂಢಿ. ಆವತ್ತೂ ಅವನು ಬಿಚ್ಚಿಟ್ಟ. ಅವಳ ಕೈಯಲ್ಲಿ ಹಗ್ಗ ಸಡಿಲವಾಯಿತು.

ಬಕೆಟ್ಟುಗಳು ಮೇಲೆ ಬರತೊಡಗಿದವು. ಕೆಮ್ಮಣ್ಣ ಎಳೆದು, ಕೆಮ್ಮಿ, ಸುರಿದು, ಮತ್ತೆ ಬಿಡುತ್ತಿದ್ದ.

ಮೊದಲನೆಯ ಸ್ಫೋಟ ನೆಲದೊಳಗಿನಿಂದಲೇ ಎದ್ದಂತೆ ಕೇಳಿತು. ಬಂಗಲೆಯ ಕಿಟಕಿ ಗಾಜುಗಳು ಒಳಗಿದ್ದವರಿಗಿಂತ ಮೊದಲೇ ಕಿರುಚಿದವು. ಅದರ ಬೆನ್ನಿಗೇ ರೈಲ್ವೆ ನಿಲ್ದಾಣದ ಕಡೆಯಿಂದ ಇನ್ನೊಂದು, ಸೈನಿಕರ ಬ್ಯಾರಕ್ಕುಗಳ ಕಡೆಯಿಂದ ಮತ್ತೊಂದು. ಆಮೇಲೆ ಒಣ ಸೌದೆಯನ್ನು ಒಂದೇ ಸಮನೆ ಮುರಿದಂತೆ ಗುಂಡಿನ ಸದ್ದು. ಮರಗಳ ಮೇಲೆ ಕಪ್ಪು ಹೊಗೆ ಎದ್ದಿತು. ಜನ ಓಡುತ್ತಿದ್ದರು, ಯಾವ ಕಡೆಗೆ ಓಡಬೇಕೆಂದು ಗೊತ್ತಿಲ್ಲದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು.

ಮೇಸ್ತ್ರಿ ಬೈಕಿಗೆ ಒದೆಯುತ್ತಿದ್ದ. ಅದು ಹತ್ತುತ್ತಿರಲಿಲ್ಲ. ಮುಚ್ಚಳ ಮುಚ್ಚಿ ಮನೆಗೆ ಹೋಗ್ರೋ ಎಂದು ಕೂಗಿದ. ಒಳಗೆ ಮೀನ ಇದ್ದಾನೆಂದು ಕೆಮ್ಮಣ್ಣ ಹೇಳಿದ.

“ಯಾರೂ ಇಲ್ಲ ಅಂತ ಈಗ ತಾನೆ ಹೇಳ್ಕೊಟ್ಟಿದೀನಲ್ಲೋ ಬೋಳಿಮಗನೆ,” ಎಂದ ಮೇಸ್ತ್ರಿ. ಬೈಕು ಹತ್ತಿತು. ಹೋದ.

ಹಗ್ಗದಕ್ಕ ಹಾರೆಯಿಂದ ಮೆಟ್ಟಿಲಿನ ಮೇಲೆ ಬಡಿದಳು. ಬಹಳ ದೂರದಿಂದ ಉತ್ತರ ಬಂತು. ಹೂಳು ಕೆದಕುತ್ತ ಮುಂದೆ ಹೋಗಿದ್ದವನು ವಾಪಸು ಬರಬೇಕಾಗಿತ್ತು. ಬಂದೇ ಬರುತ್ತಾನೆ, ಬೀಡಿ ಸೇದುವಷ್ಟು ಹೊತ್ತು ಸಾಕು ಎಂದ ಕೆಮ್ಮಣ್ಣ. ಆ ಬೀಡಿಯನ್ನು ಕಚ್ಚಿಕೊಂಡವನು ಕಡ್ಡಿ ಗೀರುವುದನ್ನೇ ಮರೆತ.

ಪೊಲೀಸ್ ಜೀಪೊಂದು ಮೈಕಿನಲ್ಲಿ ಅರಚುತ್ತ ಹಾದುಹೋಯಿತು. ಏಕಕಾಲಕ್ಕೆ ದಾಳಿ ನಡೆದಿದೆ, ತುರ್ತು ಪರಿಸ್ಥಿತಿ ಜಾರಿಯಾಗಿದೆ, ಮನೆಯಿಂದ ಹೊರಗೆ ಕಂಡವರ ಮೇಲೆ ಎಚ್ಚರಿಕೆಯಿಲ್ಲದೆ ಗುಂಡು ಹಾರಿಸಲಾಗುವುದು. ಅದರ ಹಿಂದೆಯೇ ಸೈನ್ಯದ ಲಾರಿ ಬಂದು ಗುಂಡಿಯ ಪಕ್ಕದಲ್ಲಿ ನಿಂತಿತು. ಲಾರಿಯಲ್ಲಿ ಸೈನಿಕರ ನಡುವೆ ಒಂದು ಜನರೇಟರು, ವೆಲ್ಡಿಂಗ್ ಮಿಷನ್ನು, ಮತ್ತೆ ವರ್ಕ್‌ಶಾಪಿನಿಂದ ಹಾಗೇ ಎತ್ತಿಕೊಂಡು ಬಂದಿದ್ದ ಒಬ್ಬ ವೆಲ್ಡರು. ಅವನ ಅಂಗಿಯ ತುಂಬ ಕಿಡಿ ಸುಟ್ಟ ತೂತುಗಳು. ಕಾಲಲ್ಲಿ ಟೈರಿನ ಚಪ್ಪಲಿ. ಬ್ಯಾರಕ್ಕಿಗೆ ನುಗ್ಗಿದವರು ಚರಂಡಿಯಿಂದ ಎದ್ದು ಬಂದಿದ್ದರಂತೆ. ಊರಿನ ಎಲ್ಲ ಗುಂಡಿಗಳ ಮುಚ್ಚಳವನ್ನೂ ಬೆಸೆಯಬೇಕೆಂದು ಆಜ್ಞೆಯಾಗಿತ್ತು.

ಹೆಗಲ ಮೇಲೆ ನಕ್ಷತ್ರವಿದ್ದ ಅಧಿಕಾರಿ ಕೆಳಗೆ ಧುಮುಕಿದ. ವಯಸ್ಸು ಹೆಚ್ಚಿಲ್ಲ, ಮೀನನಷ್ಟೇ ಇರಬಹುದು. ತೋಳಿನ ಮೇಲೆ ಮೊಣಕೈವರೆಗೂ ರಕ್ತ. ಗಾಯ ಎಲ್ಲೂ ಇರಲಿಲ್ಲ. ಅದು ಬೇರೆ ಯಾರದ್ದೋ. ಕೈಯಲ್ಲಿ ಪಿಸ್ತೂಲು.

“ಒಳಗೆ ಯಾರಿದಾರೆ?”

“ಒಳಗೆ ಯಾರೂ ಇಲ್ಲ ಸಾರ್. ಮಿಷನ್ ಕೆಲಸ.”

ಜೋರಾಗಿ, ಸ್ಪಷ್ಟವಾಗಿ, ಒಂದಕ್ಷರ ತಪ್ಪಿಲ್ಲದೆ. ಅವಳ ಬಾಯಿ ಅದನ್ನು ಹೇಳಿ ಮುಗಿಸಿತ್ತು. ನಕ್ಷತ್ರದವನು ಹಸಿರು ಲಾರಿಯನ್ನು ನೋಡಿದ, ಗುಂಡಿಗೆ ಇಳಿಬಿಟ್ಟಿದ್ದ ಪೈಪನ್ನು ನೋಡಿದ, ತಲೆಯಾಡಿಸಿದ. ಇಬ್ಬರು ಸೈನಿಕರು ಪೈಪನ್ನೂ ಹಗ್ಗವನ್ನೂ ಎಳೆದು ಬಿಸಾಕಿ ಮುಚ್ಚಳವನ್ನು ದೂಡಿದರು. ಕಬ್ಬಿಣ ಕಬ್ಬಿಣಕ್ಕೆ ಕೂತ ಸದ್ದು ಕೇಳಿದ ಮೇಲೆ ಹಗ್ಗದಕ್ಕನಿಗೆ ತಾನು ಹೇಳಿದ್ದೇನೆಂದು ಅರ್ಥವಾಯಿತು.

“ಇದಾನೆ ಸಾರ್. ನನ್ ತಮ್ಮ ಇದಾನೆ ಒಳಗೆ.”

“ಈಗ ತಾನೆ ಯಾರೂ ಇಲ್ಲ ಅಂದೆ.”

“ಅದು ಹೇಳ್ಕೊಟ್ಟಿದ್ದು ಸಾರ್, ಬಾಯಿಗೆ ಬಂದ್ಬಿಡ್ತು.”

“ಯಾರು ಹೇಳ್ಕೊಟ್ಟಿದ್ದು?”

ಮೇಸ್ತ್ರಿ ಎಂದಳು. ಎಲ್ಲಿ ಅವನು ಎಂದ. ರಸ್ತೆ ಖಾಲಿಯಿತ್ತು. ಅವಳು ಚಪ್ಪಲಿ ತೋರಿಸಿದಳು, ನೋಡಿ ಸಾರ್, ಇಲ್ಲೇ ಬಿಟ್ಟು ಇಳಿದಿದಾನೆ ಎಂದಳು. ಚಪ್ಪಲಿಯೊಳಗೆ ಏನು ಇಟ್ಟಿದ್ದಾರೋ ಎಂದು ಒಬ್ಬ ಸೈನಿಕ ಅವನ್ನು ಬಂದೂಕಿನ ತುದಿಯಿಂದ ಎತ್ತಿ ದೂರ ಎಸೆದ. ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸಿದ ಹೆಂಗಸು, ಒಳಗೊಬ್ಬ ಗಂಡಸು, ಓಡಿಹೋದ ಇನ್ನೊಬ್ಬ. ನಕ್ಷತ್ರದವನ ಮುಖ ಬಿಗಿಯಿತು. ದಾಳಿ ಶುರುವಾದಾಗಿನಿಂದ ಅವನು ನೋಡಿದ್ದಕ್ಕೆಲ್ಲ ಇದು ಹೊಂದಿಕೊಳ್ಳುತ್ತಿತ್ತು.

ಆಗಲೇ ಕೆಳಗಿನಿಂದ ಸದ್ದು ಬಂತು. ಠಣ್. ಠಣ್. ಠಣ್.

ಸೈನಿಕರು ಹಿಂದಕ್ಕೆ ಹಾರಿ ಬಂದೂಕು ಗುರಿಯಿಟ್ಟರು. ವೆಲ್ಡರು ಕೈಯಲ್ಲಿದ್ದ ರಾಡನ್ನು ಕೆಳಗೆ ಬಿಟ್ಟ. ಒಳಗೆ ಬಾಂಬು ಕೂರಿಸುತ್ತಿದ್ದಾರೆಂದು ಯಾರೋ ಕೂಗಿದರು. ಮೂರು ಬಡಿದರೆ ಮೇಲೆತ್ತು ಅಂತ ಸಾರ್, ಮೇಲೆತ್ತು ಅಂತಿದಾನೆ ಸಾರ್ ಎಂದು ಹಗ್ಗದಕ್ಕ ನಕ್ಷತ್ರದವನ ಬೂಟು ಹಿಡಿದಳು. ಅವನು ಬೂಟಿನಿಂದಲೇ ಅವಳ ಮುಖಕ್ಕೆ ಒದ್ದ. ಹುಬ್ಬು ಸೀಳಿ ಒಂದು ಕಣ್ಣಿನ ತುಂಬ ರಕ್ತ ಇಳಿಯಿತು. ಗ್ಯಾಸ್ ಬಿಡಿ ಎಂದು ಅವನು ಹೇಳುವುದು ಕೇಳಿಸಿತು.

ಕೆಮ್ಮಣ್ಣ ಹೋಗಿ ಮುಚ್ಚಳದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತ. ಬಾಯಲ್ಲಿ ಹಚ್ಚದ ಬೀಡಿ ಇನ್ನೂ ಇತ್ತು.

“ಈಗ ಬೆಸಿಯಪ್ಪ,” ಎಂದ ವೆಲ್ಡರಿಗೆ. “ನನ್ನ ಕುಂಡೆನೂ ಸೇರಿಸಿ ಬೆಸಿ. ಹ್ಯಾಗೂ ಅರ್ಧ ಆಯಸ್ಸು ಇದರ ಮೇಲೇ ಕೂತಿದೀನಿ.”

ಬಂದೂಕಿನ ಹಿಡಿ ಅವನ ಬಾಯಿಗೆ ಬಿತ್ತು. ಬೀಡಿಯ ಜೊತೆಗೆ ಎರಡು ಹಲ್ಲುಗಳೂ ಉದುರಿದವು. ಕೆಳಗಿನಿಂದ ಮತ್ತೆ ಠಣ್ ಠಣ್ ಠಣ್. ಕೆಮ್ಮಣ್ಣ ಪಕ್ಕದಲ್ಲಿದ್ದ ಹಾರೆ ತೆಗೆದುಕೊಂಡ. ಕೆಳಗಿದ್ದವನಿಗೆ ಉತ್ತರ ಕೊಡಬೇಕು, ಇಲ್ಲಿಂದ ಹೋಗು ಎಂದು ಹೇಗಾದರೂ ತಿಳಿಸಬೇಕು ಎಂದು ಹಾರೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿದ. ಸೈನಿಕರಿಗೆ ಕಂಡದ್ದು ಕಬ್ಬಿಣ ಎತ್ತಿದ ಗಂಡಸು.

ಎದೆಗೆ ಎರಡು, ಕುತ್ತಿಗೆಗೆ ಒಂದು ಗುಂಡು ಬಿತ್ತು. ಕೆಮ್ಮಣ್ಣ ಮಗ್ಗುಲಾಗಿ ಉರುಳಿ ಎಂದಿನಂತೆ ಕೆಮ್ಮಿದ. ಈ ಸಲ ಕೆಮ್ಮು ಬೇಗ ಮುಗಿಯಿತು. ಅವನನ್ನು ಕಾಲು ಹಿಡಿದು ಎಳೆದು ಹಾಕಿ, ಮುಚ್ಚಳವನ್ನು ಒಂದು ಗೇಣು ಸರಿಸಿ ಅಶ್ರುವಾಯುವಿನ ಎರಡು ಡಬ್ಬಿ ಒಳಗೆ ಬಿಟ್ಟು ಮತ್ತೆ ಮುಚ್ಚಿದರು. ಪಿಸ್ತೂಲಿನ ಬಾಯಿ ವೆಲ್ಡರಿನ ಹಿಂಗತ್ತಿಗೆ ಬಂತು. ಕಿಡಿ ಹಾರತೊಡಗಿತು. ಮುಚ್ಚಳದ ಅಂಚಿಗೆ ಹರಿದಿದ್ದ ಮುದುಕನ ರಕ್ತ ಚುರಗುಟ್ಟಿತು.

ಬೆಸುಗೆ ಸುತ್ತು ಮುಗಿಯುವಷ್ಟರಲ್ಲಿ ಯಾವುದೋ ಬಂಗಲೆಯ ತಾರಸಿಯ ಕಡೆಯಿಂದ ಗುಂಡು ಹಾರಿತು. ಸೈನಿಕರು ಲಾರಿಯ ಮರೆಗೆ ಬಿದ್ದು ತಿರುಗಿ ಹೊಡೆಯತೊಡಗಿದರು. ಹಗ್ಗದಕ್ಕ ತೆವಳಿಕೊಂಡು ಹಸಿರು ಲಾರಿಯ ಕೆಳಗೆ ಹೋದಳು. ಸುಟ್ಟ ಮೋಟಾರಿನ ಆ ಲಾರಿ ಮೊದಲನೆಯ ಸಲ ಕೆಲಸಕ್ಕೆ ಬಂತು. ಇನ್ನೊಂದು ಬದಿಯಿಂದ ಹೊರಗೆ ಬಂದಾಗ ಅವಳ ಹೆಗಲಲ್ಲಿ ಹಗ್ಗದ ಸುರುಳಿಯಿತ್ತು, ಕೈಯಲ್ಲಿ ಕೆಮ್ಮಣ್ಣನ ಹಾರೆ. ಅವನ ಮುಖ ಮುಚ್ಚಲಿಕ್ಕೂ ಆಗಲಿಲ್ಲ.

ಓಣಿಯೊಳಗಿನ ಮುಂದಿನ ಗುಂಡಿಯ ಹತ್ತಿರ ಕೂತು ಮುಚ್ಚಳದ ಮೇಲೆ ಬಡಿದಳು. ಬಡಿಯುತ್ತಲೇ ಇದ್ದಳು. ಸದ್ದು ಬಂದ ಕಡೆಗೆ ಬಾ ಎನ್ನುವುದಕ್ಕೆ ಅವರಲ್ಲಿ ಸನ್ನೆ ಇರಲಿಲ್ಲ. ಯಾರಿಗೂ ಅದು ಬೇಕಾಗಿರಲಿಲ್ಲ. ಹೊಗೆ ಒಂದು ಕಡೆಯಿಂದ ಬರುತ್ತಿದೆ, ಸದ್ದು ಇನ್ನೊಂದು ಕಡೆಯಿಂದ ಬರುತ್ತಿದೆ, ಅವನಿಗಿಷ್ಟು ಅರ್ಥವಾದರೆ ಸಾಕು. ಕಿವಿಯನ್ನು ಕಬ್ಬಿಣಕ್ಕೆ ಒತ್ತಿದಳು. ನೀರಿನ ಸದ್ದು. ಆಮೇಲೆ ಠಣ್. ಒಂದೇ. ಬಕೆಟ್ಟು ಎಳಿ ಎಂದು ಹೇಳುತ್ತಿರಲಿಲ್ಲ ಅವನು. ಬದುಕಿದೀನಿ ಎನ್ನುತ್ತಿದ್ದ.

ಈ ಮುಚ್ಚಳಕ್ಕೂ ಬೆಸುಗೆ ಬಿದ್ದಾಗಿತ್ತು. ಅಂಚು ಇನ್ನೂ ಬಿಸಿಯಿತ್ತು. ಹಾರೆ ಹಾಕಿ ಮೀಟಿದಳು, ಜಗ್ಗಲಿಲ್ಲ. ಮುಂದಿನದಕ್ಕೆ ಓಡಿದಳು.

ಹೀಗೆ ಅಕ್ಕ ಮೇಲೆ, ತಮ್ಮ ಕೆಳಗೆ. ಅವಳು ಗೋಡೆ ಸವರಿಕೊಂಡು, ಕಸದ ತೊಟ್ಟಿಯ ಹಿಂದೆ ಕೂತು, ಹೆಲಿಕಾಪ್ಟರ್ ತಲೆಯ ಮೇಲೆ ಬಂದಾಗ ಬಾಗಿಲಿನ ಚೌಕಟ್ಟಿಗೆ ಅಂಟಿಕೊಂಡು ಹೋಗುತ್ತಿದ್ದಳು. ಅವನು ಎದೆಮಟ್ಟದ ಕೊಳಚೆಯಲ್ಲಿ ಇಟ್ಟಿಗೆ ತಡವುತ್ತ ಬರುತ್ತಿದ್ದ. ಊರಿನ ಬೀದಿಗಳು ಹೇಗೆ ಕೂಡುತ್ತವೆಂದು ಇಬ್ಬರಿಗೂ ಕೆಳಗಿನಿಂದಲೇ ಗೊತ್ತಿದ್ದದ್ದು.

ಒಂದು ತಿರುವಿನಲ್ಲಿ ಕ್ಷೌರದ ಅಂಗಡಿಯಿಂದ ಗಿರಾಕಿಯನ್ನು ಹೊರಗೆಳೆದು ರಸ್ತೆಯಲ್ಲಿ ಮೊಣಕಾಲಿನ ಮೇಲೆ ಕೂರಿಸಿದ್ದರು. ಅವನ ಒಂದು ಕೆನ್ನೆಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಗಡ್ಡ ತೆಗೆಸಿ ವೇಷ ಮರೆಸಿಕೊಳ್ಳುತ್ತಿದ್ದೀಯ ಎಂದು ಕೇಳುತ್ತಿದ್ದರು. ಕ್ಷೌರದವನು ಕೈಮುಗಿದು, ಇವರು ದಿನಾ ಬರೋರು ಸಾರ್, ಶಾಲೆ ಮಾಸ್ತರು ಸಾರ್ ಎನ್ನುತ್ತಿದ್ದ. ಮುಗಿದ ಕೈಗಳ ನಡುವೆ ಕತ್ತಿ ಇದೆಯೆಂಬುದು ಅವನಿಗೆ ಮರೆತುಹೋಗಿತ್ತು. ಸೈನಿಕರಿಗೆ ಅದು ಕಂಡಿತು. ಹಗ್ಗದಕ್ಕ ಮುಖ ತಿರುಗಿಸಿ ಓಡಿದಳು. ಹಿಂದೆ ಒಂದು ಗುಂಡಿನ ಸದ್ದು, ಕನ್ನಡಿ ಒಡೆದ ಸದ್ದು, ಆಮೇಲೆ ಇನ್ನೊಂದು ಗುಂಡು.

ಮುಂದಿನ ಗುಂಡಿಗೆ ಕಿವಿಯಿಟ್ಟಾಗ ನೀರಿನ ಸದ್ದು ಬದಲಾಗಿತ್ತು. ತುಂಬಿ ಹರಿಯುವ ದನಿ. ಕರ್ಫ್ಯೂ ಎಂದು ಊರಿಗೆ ಊರೇ ಮನೆಯೊಳಗೆ ಕೂತಿತ್ತು. ಕೆಲಸಕ್ಕೆ, ಅಂಗಡಿಗೆ, ಶಾಲೆಗೆ ಹೋಗಬೇಕಾದವರೆಲ್ಲ ಮನೆಯಲ್ಲಿ ತಿನ್ನುತ್ತಿದ್ದರು, ತೊಳೆಯುತ್ತಿದ್ದರು, ಭಯಕ್ಕೆ ಮತ್ತೆ ಮತ್ತೆ ಕಕ್ಕಸಿಗೆ ಹೋಗುತ್ತಿದ್ದರು. ಎಲ್ಲ ಕೆಳಗಿಳಿಯುತ್ತಿತ್ತು.

ಎದುರಿಗೆ ನೆಲಮಹಡಿಯ ಕಿಟಕಿಯೊಂದು ಅರ್ಧ ತೆರೆದಿತ್ತು. ಪರದೆಯ ಸಂದಿಯಿಂದ ಒಬ್ಬ ಹೆಂಗಸು ಬೀದಿ ನೋಡುತ್ತಿದ್ದಳು. ಹಗ್ಗದಕ್ಕ ಕಿಟಕಿಯ ಕೆಳಗೆ ಕುಕ್ಕರಿಸಿದಳು.

“ಅಮ್ಮಾ, ನೀರು ಬಿಡಬೇಡಿ ಅಮ್ಮಾ. ಒಂಚೂರು ಹೊತ್ತು. ಮೇಲಿನ ಮನೆಯವರಿಗೂ ಹೇಳಿ. ಕಕ್ಕಸಿಗೆ ನೀರು ಬಿಡಬೇಡಿ. ಕೆಳಗೆ ನನ್ ತಮ್ಮ ಇದಾನೆ.”

“ಯಾರೇ ನೀನು? ಥೂ, ಏನು ವಾಸನೆ ಇದು.”

“ಚರಂಡಿ ಕೆಲಸದೋಳು ಅಮ್ಮಾ. ಕೆಳಗೆ ಮುಳುಗೋಗ್ತಾನೆ.”

“ಇಲ್ಲಿ ನಿಲ್ಬೇಡ ಹೋಗು. ನಿನ್ನನ್ನ ಹುಡುಕ್ಕೊಂಡು ಅವರು ನಮ್ಮನೆಗೆ ನುಗ್ತಾರೆ.”

ಕಿಟಕಿ ಮುಚ್ಚಿತು. ಚಿಲಕ ಬಿತ್ತು. ಹಗ್ಗದಕ್ಕ ಎದ್ದು ಮೂರು ಹೆಜ್ಜೆ ಇಟ್ಟಿರಲಿಲ್ಲ, ಗೋಡೆಯೊಳಗಿನ ಕೊಳವೆಯಲ್ಲಿ ಗಳಗಳನೆ ನೀರು ಇಳಿಯಿತು. ಅವಳು ನಿಂತು ಅದು ಇಳಿದು ಮುಗಿಯುವ ತನಕ ಕೇಳಿಸಿಕೊಂಡಳು. ಆಮೇಲೆ ಹಾರೆಯಿಂದ ಆ ಕಿಟಕಿಗೆ ಹೊಡೆದಳು. ಗಾಜು ಒಳಗೆ ಬಿತ್ತು, ಒಳಗೆ ಯಾರೋ ಚೀರಿದರು. ಅದರಿಂದ ಏನೂ ಆಗುವಂತಿರಲಿಲ್ಲ. ಹೊಡೆದಳು, ಅಷ್ಟೆ.

ಮಾರುಕಟ್ಟೆಯ ಹಿಂಭಾಗದಲ್ಲಿ ಸೈನ್ಯದ ಲಾರಿ ಮತ್ತೆ ಎದುರಾಯಿತು. ಸೈನಿಕರು ಮುಂದಿನ ಬೀದಿಯಲ್ಲಿ ಒಂದೊಂದೇ ಬಾಗಿಲು ಒದೆಯುತ್ತಿದ್ದರು. ವೆಲ್ಡರು ಗೋಡೆಯ ಕಡೆ ಮುಖ ಮಾಡಿ ಉಚ್ಚೆ ಹೊಯ್ಯುತ್ತಿದ್ದ. ಕಾವಲಿಗಿದ್ದ ಸೈನಿಕ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಹಗ್ಗದಕ್ಕ ತರಕಾರಿ ಬುಟ್ಟಿಗಳ ರಾಶಿಯ ಹಿಂದೆ ಕೂತಿದ್ದು ವೆಲ್ಡರಿಗೆ ಕಂಡಿತು. ಅವನು ತಲೆ ತಿರುಗಿಸಲಿಲ್ಲ.

“ಬದುಕಿದಾನಾ?” ಎಂದ ಗೋಡೆಗೆ.

“ಹ್ಞೂಂ.”

“ಸೋಪ್ ಫ್ಯಾಕ್ಟರಿ ಗೋಡೆ ಪಕ್ಕದ್ದಕ್ಕೆ ಎರಡೇ ಚುಕ್ಕೆ ಇಟ್ಟಿದೀನಿ. ರಾಡ್ ಮುಗೀತು, ವರ್ಕ್‌ಶಾಪಿಂದ ತರಿಸಿ ಅಂದೆ. ನಂಬಿದ್ರು. ಹಾರೆಲಿ ಹೊಡೆದ್ರೆ ಕಿತ್ಕೊಂಡು ಬರುತ್ತೆ. ರಾಡ್ ಬಂದ ಕೂಡ್ಲೆ ವಾಪಸ್ ಅಲ್ಲಿಗೇ ಹೋಗೋದು, ಬೇಗ ಮಾಡು.” ಅವನ ಉಚ್ಚೆ ನಿಂತುಹೋಗಿ ಹೊತ್ತಾಗಿತ್ತು, ಆದರೂ ಹಾಗೇ ನಿಂತಿದ್ದ. “ಸಿಕ್ಕಿಹಾಕ್ಕೊಂಡ್ರೆ ನನ್ನ ಹೆಸರು ಹೇಳ್ಬೇಡ ಮಾರಾಯ್ತಿ.”

“ನಿನ್ನ ಹೆಸರೇ ನಂಗೊತ್ತಿಲ್ವಲ್ಲಪ್ಪ.”

“ಒಳ್ಳೇದಾಯ್ತು ಬಿಡು.”

ಸೈನಿಕ ಕೂಗಿದ, ಎಷ್ಟು ಹೊತ್ತೋ ಸೂಳೆಮಗನೆ, ಕೆರೆ ತುಂಬಿಸ್ತಿದೀಯ ಎಂದು. ವೆಲ್ಡರು ಪ್ಯಾಂಟು ಏರಿಸಿಕೊಂಡು ಟೈರಿನ ಚಪ್ಪಲಿಯನ್ನು ಪಟಪಟ ಬಡಿಯುತ್ತ ಲಾರಿಯ ಕಡೆ ಓಡಿದ.

ಸೋಪ್ ಫ್ಯಾಕ್ಟರಿ ಚರಂಡಿಯ ಕೊನೆಯ ಹಂತ. ಅಲ್ಲಿಂದಾಚೆ ಸುರಂಗ ಕಿರಿದಾಗಿ ಕಬ್ಬಿಣದ ಜಾಲರಿಗೆ ಹೋಗಿ ಮುಟ್ಟುತ್ತದೆ. ಬೇರೆ ದಿನವಾಗಿದ್ದರೆ ಆ ಕಡೆಗೆ ಅವಳು ತಮ್ಮನನ್ನು ಕರೆಯುತ್ತಲೇ ಇರಲಿಲ್ಲ. ಫ್ಯಾಕ್ಟರಿ ಬಿಡುವ ಕುದಿನೀರಿಗೆ ಅಲ್ಲಿ ಇಲಿಗಳೂ ಬೆಂದು ತೇಲುತ್ತವೆ. ಚಿಮಣಿ ನೋಡಿದಳು. ಹೊಗೆಯಿಲ್ಲ. ಇವತ್ತು ಯಾರೂ ಕೆಲಸಕ್ಕೆ ಬಂದಿರಲಿಲ್ಲ.

ಮುಚ್ಚಳ ಗೋಡೆಯ ಬುಡದಲ್ಲಿತ್ತು. ಅಂಚಿನಲ್ಲಿ ಎದುರುಬದುರಾಗಿ ಎರಡು ಚುಕ್ಕೆ. ಬಡಿದು ಕಿವಿಯಿಟ್ಟಳು. ಉತ್ತರವಿಲ್ಲ. ಹಾರೆಯ ಮೊನೆಯನ್ನು ಚುಕ್ಕೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದಳು. ಕೈಯ ಚರ್ಮ ಸುಲಿಯಿತು. ಮೊದಲನೆಯದು ಕಿತ್ತಿತು. ಎರಡನೆಯದು ಗಟ್ಟಿಯಿತ್ತು. ಆ ಕಳ್ಳನನ್ಮಗ ಸುಮ್ಮನೆ ಚುಕ್ಕೆ ಇಟ್ಟರೂ ಕೆಲಸ ಬಲ್ಲವನ ಹಾಗೇ ಇಟ್ಟಿದ್ದ. ಅವಳು ಹಾರೆಯನ್ನು ಸಂದಿಗೆ ತೂರಿಸಿ, ಅದರ ಮೇಲೆ ಹೊಟ್ಟೆಯೂರಿ, ಇಡೀ ಮೈಭಾರ ಬಿಟ್ಟಳು. ಟಪ್ಪೆಂದು ಬಿಟ್ಟಿತು. ಮುಚ್ಚಳ ಸರಿಯಿತು.

ಒಳಗಿನಿಂದ ಸೋಪಿನ ಕಮಟು, ಅಶ್ರುವಾಯುವಿನ ಘಾಟು, ಎಲ್ಲಕ್ಕಿಂತ ಕೆಳಗೆ ಅವಳಿಗೆ ಗೊತ್ತಿದ್ದ ಆ ಇನ್ನೊಂದು ವಾಸನೆ. ಕಣ್ಣು ಉರಿಯಿತು. ಮೆಟ್ಟಿಲಿನ ಮೇಲೆ ಬಡಿದಳು. ಮತ್ತೆ ಬಡಿದಳು. ಮೀನಾ ಎಂದು ಕೂಗಿದಳು. ಕಪ್ಪು ನೀರು ಮೆಟ್ಟಿಲುಗಳನ್ನು ನುಂಗಿಕೊಂಡು ಹರಿಯುತ್ತಿತ್ತು.

ಆಗ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದಳು. ಚಿಕ್ಕಂದಿನಲ್ಲಿ ಊಟಕ್ಕೆ ಕರೆಯುತ್ತಿದ್ದ ಹಾಗೆ, ಕೊನೆಯ ಅಕ್ಷರವನ್ನು ಎಳೆದು.

ಠಣ್. ಸ್ವಲ್ಪ ಹೊತ್ತು ಬಿಟ್ಟು, ಠಣ್.

ಎರಡು. ಹಗ್ಗ ಬಿಡು.

ಅವಳು ಹಗ್ಗದ ಒಂದು ತುದಿಯನ್ನು ಕೆಳಗೆ ಬಿಟ್ಟು ಇನ್ನೊಂದನ್ನು ತನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡಳು. ಗುಂಡಿಯ ಬಾಯಿಗೆ ಹಾರೆಯನ್ನು ಅಡ್ಡ ಇಟ್ಟು, ಎರಡೂ ಪಾದ ಅದಕ್ಕೆ ಕೊಟ್ಟು ನೆಲದ ಮೇಲೆ ಕೂತಳು. ಕೆಳಗೆ ಯಾರೋ ಹಗ್ಗವನ್ನು ತಡವುತ್ತಿದ್ದರು. ತಪ್ಪಿಹೋಗುತ್ತಿತ್ತು, ಮತ್ತೆ ತಡವುತ್ತಿದ್ದರು. ಅವನ ಬೆರಳುಗಳಲ್ಲಿ ಶಕ್ತಿ ಉಳಿದಿಲ್ಲವೆಂದು ಹಗ್ಗವೇ ಅವಳಿಗೆ ಹೇಳಿತು.

ಬೆನ್ನ ಹಿಂದೆ ಲಾರಿ ಬಂದು ನಿಂತಿತು. ಬೂಟುಗಳು ಕೆಳಗೆ ಧುಮುಕಿದವು. ಬಂದೂಕಿನ ಕೀಲುಗಳು ಕಟಕಟ ಎಂದವು.

“ಒಳಗೆ ಯಾರಿದಾರೆ?”

ಅದೇ ದನಿ. ಹಗ್ಗದಕ್ಕ ತಿರುಗಿ ನೋಡಲಿಲ್ಲ.

“ಮನುಷ್ಯ ಇದಾನೆ,” ಎಂದಳು.

ಹಗ್ಗ ಬಿಟ್ಟು ಕೈ ಮೇಲೆತ್ತು ಎಂದು ನಕ್ಷತ್ರದವನು ಕೂಗಿದ. ಅವಳು ಎತ್ತಲಿಲ್ಲ. ಗಾಳಿಯಲ್ಲಿ ಒಂದು ಗುಂಡು ಹಾರಿತು. ಫ್ಯಾಕ್ಟರಿಯ ಗೋಡೆಯಿಂದ ಪಾರಿವಾಳಗಳು ಎದ್ದವು. ಕೆಳಗಿನಿಂದ ಆಗಲೇ ಬಂತು, ಠಣ್, ಠಣ್, ಮೂರನೆಯದು ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆತ್ತಗೆ. ಹಗ್ಗ ಬಿಗಿಯಾಯಿತು.

ಅವಳು ಎಳೆದಳು.

“ಬಿಡೇ ಹಗ್ಗ. ಬಿಡ್ತೀಯೋ ಇಲ್ವೋ. ಒಳಗಿರೋನು ಉಗ್ರ.”

“ಉಗ್ರ ಅಲ್ಲ ಕಣಯ್ಯ, ನನ್ ತಮ್ಮ,” ಎಂದಳು ಎಳೆಯುತ್ತಲೇ. “ನಿಮ್ಮ ಹೇಲು ಬಾಚೋಕೆ ಇಳಿದಿದ್ದ.”

ಎರಡನೆಯ ಗುಂಡು ಗಾಳಿಗೆ ಹಾರಿದ್ದಲ್ಲ. ಅವಳ ಎಡ ಹೆಗಲಿನಲ್ಲಿ ಯಾರೋ ಕಾದ ಸಲಾಕೆ ತೂರಿಸಿದ ಹಾಗಾಯಿತು. ಎಡಗೈ ಹಗ್ಗವನ್ನು ಬಿಟ್ಟಿತು. ಹಗ್ಗ ಸರ್ರನೆ ಕೆಳಗೆ ಜಾರಿ ಸೊಂಟದ ಗಂಟಿಗೆ ಬಂದು ನಿಂತು ಅವಳನ್ನು ಗುಂಡಿಯ ಕಡೆಗೆ ಎಳೆಯಿತು. ಪಾದಗಳು ಹಾರೆಗೆ ಒತ್ತಿ ತಡೆದವು. ಅವಳು ಅಂಗಾತ ಬಿದ್ದಳು. ಮೇಲೆ ಆಕಾಶ, ಹೆಲಿಕಾಪ್ಟರ್, ಪಾರಿವಾಳಗಳು. ಗಂಟು ಹೊಟ್ಟೆಯನ್ನು ಕೊಯ್ಯುತ್ತಿತ್ತು. ಕೆಳಗೆ ಭಾರ ಇನ್ನೂ ಇತ್ತು. ಅಲುಗಾಡುವ ಭಾರ.

ಬಲಗೈಗೆ ಹಗ್ಗವನ್ನು ಒಂದು ಸುತ್ತು ಸುತ್ತಿಕೊಂಡಳು. ಎಡಗೈಯ ಬದಲು ಹಲ್ಲಿನಲ್ಲಿ ಕಚ್ಚಿದಳು. ನಾರಿನಲ್ಲಿ ಹೂಳಿನ ರುಚಿಯಿತ್ತು. ಒಂದು ಮೊಳ ಮೇಲೆ ಬಂತು. ಹಲ್ಲು ಬಿಗಿದು ಹಿಡಿದು ಕೈ ಮುಂದೆ ಸರಿಸಿದಳು. ಇನ್ನೊಂದು ಅರ್ಧ ಮೊಳ.

ನಕ್ಷತ್ರದವನು ಏನೋ ಆಜ್ಞೆ ಕೊಟ್ಟ. ಹಿಂದಿನಿಂದ ಯಾರೋ ತನ್ನ ಕಡೆಗೆ ಓಡಿ ಬರುತ್ತಿರುವುದು ನೆಲದಲ್ಲಿ ಬಿದ್ದಿದ್ದ ಅವಳಿಗೆ ಕೇಳಿಸಿತು. ನಿಲ್ಲೋ, ನಿಲ್ಲೋ ಎಂದು ಸೈನಿಕರು ಕೂಗುತ್ತಿದ್ದರು. ಬಂದೂಕುಗಳು ಮತ್ತೆ ಕಟಕಟ ಎಂದವು. ಓಡಿ ಬರುತ್ತಿದ್ದದ್ದು ಬೂಟುಗಳಲ್ಲ. ಟೈರಿನ ಚಪ್ಪಲಿ, ಪಟಪಟ ಪಟಪಟ.

ಹಗ್ಗದಕ್ಕ ತಿರುಗಿ ನೋಡಲಿಲ್ಲ. ಕೈ ಮುಂದೆ ಸರಿಸಿದಳು, ಎಳೆದಳು.